ಕೆಂಪು ಪಟ್ಟಿ ಹಸಿರಾಗುವ ಹೊತ್ತು

ಓಬಳೇಶ್, ನಿಮ್ಮ ಪ್ರೋಗ್ರಾಂ ಯಾಕೆ ಕೆಡುತ್ತಿತ್ತು ಅನ್ನುವುದು ನನಗೆ ಗೊತ್ತಿತ್ತು. ಎರಡನೆಯ ತಿಂಗಳಿನಿಂದಲೇ ಗೊತ್ತಿತ್ತು. ನೀವು ಫೋನಿನಲ್ಲಿ "ಲಾಗ್‌ನಾಗೆ ಏನೈತೆ ನೋಡಿ ಹೇಳಿ" ಅಂದಾಗಲೆಲ್ಲ ಆ ಲಾಗ್ ನನ್ನ ಕಣ್ಣೆದುರಿಗೇ ತೆರೆದಿರುತ್ತಿತ್ತು. ಕಾರಣ ಅದರ ಕೊನೆಯ ಎರಡು ಸಾಲಿನಲ್ಲಿರುತ್ತಿತ್ತು. ನಾನು "ಏನೂ ಇಲ್ಲ" ಅನ್ನುತ್ತಿದ್ದೆ. ಒಂದು ಸಲವಲ್ಲ, ಎರಡು ಸಲವಲ್ಲ — ಹದಿನಾಲ್ಕು ಸಲ.

ಇದನ್ನು ಮೊದಲೇ ಹೇಳಿಬಿಟ್ಟೆ. ಸುತ್ತಿ ಬಳಸಿ ಶುರುಮಾಡಿದರೆ ನಡುವೆ ಎಲ್ಲೋ ಧೈರ್ಯ ಕೈಕೊಡುತ್ತದೆ, ನನ್ನ ಧೈರ್ಯದ ಯೋಗ್ಯತೆ ನನಗೆ ಗೊತ್ತು. ಈ ಕಾಗದಕ್ಕೆ ಎರಡು ಪ್ರತಿ. ಒಂದು ನಿಮಗೆ, ಇನ್ನೊಂದು ನಮ್ಮ ಮೇಷ್ಟ್ರ ಮೇಜಿಗೆ. ಅವರಿಗೂ ಅರ್ಥವಾಗಬೇಕು, ಅದಕ್ಕೆ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತಿದ್ದೇನೆ. ಕಂಪ್ಯೂಟರ್ ಅಂದರೆ ಇವತ್ತಿಗೂ ಟಿ.ವಿ.ಯ ತಮ್ಮ ಅಂದುಕೊಂಡಿರುವ ಮನುಷ್ಯ ಅವರು. ಬೇಸರ ಮಾಡಿಕೊಳ್ಳಬೇಡಿ.

ಮೇಷ್ಟ್ರು ನಿವೃತ್ತರಾದ ಮೇಲೆ ಮಧುಗಿರಿಯಲ್ಲಿ ವಧು-ವರರ ಮಾಹಿತಿ ಕೇಂದ್ರ ತೆರೆದರು. ನಾನು ಮೊದಲ ದಿನದಿಂದಲೂ ಅಲ್ಲಿಯ ಆಪರೇಟರ್ — ಗಿರಿಜಾ, ಊರಿನವರ ಬಾಯಲ್ಲಿ ಗಿರಿಜಮ್ಮ. ಹುಡುಗನ ಎತ್ತರ, ಹುಡುಗಿಯ ನಕ್ಷತ್ರ, ಯಾರಿಗೆ ಎಷ್ಟು ಅಕ್ಕತಂಗಿಯರು, ಎಲ್ಲವೂ ನನ್ನ ಬೆರಳ ಕೆಳಗೆ ಹಾದು ಹೋಗುತ್ತಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿತ್ತಂತೆ. ಆ ಹಲ್ಲಿ ನಾನೇ. ಊರ ಹೆಣ್ಣುಮಕ್ಕಳಿಗೆಲ್ಲ ಗಂಡು ತೋರಿಸುತ್ತಾ ತೋರಿಸುತ್ತಾ ನನಗೆ ಮೂವತ್ತಾರು ತುಂಬಿತ್ತು, ನಮ್ಮಮ್ಮನೂ ನನ್ನ ವಯಸ್ಸಿನ ಲೆಕ್ಕ ಇಡುವುದು ಬಿಟ್ಟಿದ್ದಳು.

ನೀವು ಪಾವಗಡದಲ್ಲಿ ಕಂಪ್ಯೂಟರ್ ತರಬೇತಿಯ ಅಂಗಡಿ ಇಟ್ಟಿದ್ದಿರಿ. ಕ್ಯಾತಗಾನಚೆರ್ಲಿನ ಕುರಿ ಕಾಯುವ ಮನೆಯಿಂದ ಬಂದು, ಡಿಪ್ಲೊಮಾ ಓದಿ, ಯಾರ ಸಹಾಯವೂ ಇಲ್ಲದೆ ನಮ್ಮ ಕೇಂದ್ರದ ವೆಬ್‌ಸೈಟನ್ನು ಒಬ್ಬರೇ ಬರೆದಿರಿ. ಬರೆದಾಗ ಕೇಂದ್ರ ಒಂದೇ, ಕಂಪ್ಯೂಟರ್ ಒಂದೇ, ಒತ್ತುವ ಬೆರಳೂ ಒಂದೇ, ಅದು ನನ್ನದು. ಆಮೇಲೆ ಶಿರಾ ಬಂತು, ಕೊರಟಗೆರೆ ಬಂತು, ಕೊನೆಗೆ ಪಾವಗಡವೂ ಬಂತು. ನಾಲ್ಕು ಕಡೆಯಿಂದಲೂ ಅದೇ ಹಳೆಯ ಪ್ರೋಗ್ರಾಂ. ಹತ್ತು ವರ್ಷ ಅದು ಒಂದು ದಿನವೂ ಮುನಿಸಿಕೊಂಡಿರಲಿಲ್ಲ. ಹಳೆಯ ಎತ್ತು ಹಾಗೆಯೇ, ದಾರಿ ಗೊತ್ತಿದ್ದರೆ ಹೊಡೆಯುವವನು ನಿದ್ದೆ ಮಾಡಬಹುದು.

ಒಂದು ಯುಗಾದಿಗೆ ಮೇಷ್ಟ್ರಿಗೆ ಹೊಸ ಯೋಚನೆ ಬಂತು. ನಮ್ಮಲ್ಲಿಗೆ ಬರುವ ತಾಯಂದಿರು ಶುಕ್ರವಾರವೇ ಬರುತ್ತಾರೆ. ಮಗಳ ಜಾತಕದ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಮಡಿಸಿ, ಸೆರಗಿನ ಗಂಟಿನಲ್ಲಿ ತರುತ್ತಾರೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಅಷ್ಟು ಹೊತ್ತೂ ಬೆಂಚಿನ ಮೇಲೆ ಕೂತಿರುತ್ತಾರೆ. ವಿವರವೆಲ್ಲ ತುಂಬಿಸಿಕೊಳ್ಳಿ ಅನ್ನುತ್ತಾರೆ, 'ಉಳಿಸು' ಗುಂಡಿ ಮಾತ್ರ ರಾಹುಕಾಲ ಕಳೆದ ಮೇಲೆ ಒತ್ತಬೇಕು. "ಹನ್ನೆರಡಾಯ್ತಾ ನೋಡವ್ವಾ, ಹನ್ನೆರಡಾಯ್ತಾ?" ಅಂತ ಕೇಳಿ ಕೇಳಿ ನನ್ನ ತಲೆ ತಿನ್ನುತ್ತಿದ್ದರು. ಗೋಡೆ ಗಡಿಯಾರ ಒಂದು ಹೇಳಿದರೆ ಮೊಬೈಲು ಇನ್ನೊಂದು ಹೇಳುತ್ತಿತ್ತು. ಅದಕ್ಕೆ ಮೇಷ್ಟ್ರು ನಿಮ್ಮನ್ನು ಕರೆಸಿ, ಪರದೆಯ ಮೇಲ್ಗಡೆ ಒಂದು ಪಟ್ಟಿ ಹಾಕಿಕೊಡು ಅಂದರು. ರಾಹುಕಾಲದಲ್ಲಿ ಕೆಂಪು, ಕಳೆದ ಕೂಡಲೇ ಹಸಿರು. ನಾಲ್ಕು ಊರಿಗೂ ಒಂದೇ ಗಡಿಯಾರ.

ನೀವು ನಕ್ಕಿರಿ. ಇಂಥದ್ದನ್ನೆಲ್ಲ ನಂಬದ ಮನುಷ್ಯ. "ಸರ್ಲೇ ಮೇಷ್ಟ್ರೇ, ಸಿಗ್ನಲ್ ಲೈಟ್ ಹಾಕ್ಕೊಡ್ತೀನಿ" ಅಂದಿರಿ, ಸರಿ ಅನ್ನುವುದು ನಿಮ್ಮ ಗಡಿಸೀಮೆಯ ಬಾಯಲ್ಲಿ ಸರ್ಲೇ. ಅರ್ಧ ಗಂಟೆಯ ಕೆಲಸ. ಮಾಡಿಕೊಟ್ಟು ಮರೆತುಬಿಟ್ಟಿರಿ.

ಎರಡು ತಿಂಗಳು ಕಳೆದ ಮೇಲೆ ಮೊದಲ ಸಲ ಆ ಬಿಳಿ ಪುಟ ಬಂತು. ಶುಕ್ರವಾರ, ಮಧ್ಯಾಹ್ನ. ಪರದೆಯ ಮೇಲೆ ಇಂಟರ್ನಲ್ ಸರ್ವರ್ ಎರರ್, ಐನೂರು ಅನ್ನುವ ಅಂಕಿ, ಇನ್ನೇನೂ ಇಲ್ಲ. ಆಮೇಲೆ ನಾಲ್ಕು ಊರಿನಲ್ಲಿ ಯಾರು ಯಾರ ಹೆಸರು ಸೇರಿಸಲು ಹೋದರೂ ಅದೇ ಐನೂರು. ನಾನು ನಿಮಗೆ ಫೋನ್ ಮಾಡಿದೆ. ದೂರದಿಂದ ಆ ಯಂತ್ರದೊಳಗೆ ಯಾರೂ ಇಳಿಯಕೂಡದು, ಹೆಣ್ಣುಮಕ್ಕಳ ವಿವರ ಇರುವಂಥದ್ದು ಅಂತ ಮೇಷ್ಟ್ರ ಕಟ್ಟಪ್ಪಣೆ. ಹಾಗಾಗಿ ನೀವೇ ಬರಬೇಕಾಯಿತು. ಪಾವಗಡದಿಂದ ಬಸ್ಸು ಹಿಡಿದು ಬಂದು, ನಮ್ಮ ಆಫೀಸಿನ ಕಪಾಟಿನಲ್ಲಿದ್ದ ಸರ್ವರ್ ತೆರೆದು ಕೂತಿರಿ.

ಕೊನೆಯದಾಗಿ ಕೊಟ್ಟ ಕ್ರಮಸಂಖ್ಯೆ ಯಾವುದು ಅಂತ ಬರೆದಿಟ್ಟುಕೊಳ್ಳುವ ಒಂದು ಚಿಕ್ಕ ಕಡತ ಆ ಪ್ರೋಗ್ರಾಂನಲ್ಲಿ ಇತ್ತಲ್ಲ — ಅದು ಖಾಲಿಯಾಗಿತ್ತು. ಸಂಖ್ಯೆ ಗೊತ್ತಿಲ್ಲದೆ ಮುಂದಿನ ಹೆಸರಿಗೆ ಏನು ಕೊಡಬೇಕು ಅಂತ ತೋಚದೆ ಇಡೀ ಪ್ರೋಗ್ರಾಂ ಕೈಚೆಲ್ಲಿ ಕೂತಿತ್ತು. ನೀವು ಹಳೆಯ ಸಂಖ್ಯೆ ಬರೆದು ಉಳಿಸಿದಿರಿ. ಸರಿಹೋಯಿತು. ಆದರೆ ಅದು ಖಾಲಿಯಾಗಿದ್ದು ಹೇಗೆ? ಎದ್ದು ಹೊರಡುವಾಗಲೂ ನಿಮ್ಮ ಹುಬ್ಬು ಗಂಟಿಕ್ಕಿಕೊಂಡೇ ಇತ್ತು. "ಯಾರೋ ಅಳಿಸ್ದಂಗೈತೆ. ಆದ್ರೆ ಅಳಿಸೋ ಸಾಲು ನಾನ್ ಬರ್ದೇ ಇಲ್ವಲ್ಲ ಗಿರಿಜಮ್ಮೋರೆ" ಅಂದಿರಿ.

ಅಲ್ಲಿಯವರೆಗೆ ಇಲ್ಲದಿದ್ದ ಲಾಗ್ ಬರೆಯುವ ಭಾಗವನ್ನು ಹೊಸದಾಗಿ ಸೇರಿಸಿ, ಅದನ್ನು ಓದುವುದನ್ನು ನೀವು ನನಗೆ ಕಲಿಸಿದ್ದು ಅವತ್ತೇ. ಯಾವ ಊರಿನವರು, ಯಾವ ಸೆಕೆಂಡಿನಲ್ಲಿ, ಏನು ಒತ್ತಿದರು ಎಂದು ಯಂತ್ರ ತಾನೇ ಬರೆದಿಡುವ ದಿನಚರಿ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ತೋರಿಸಿದಿರಿ. ನಿಮ್ಮ ಅಂಗಿಯ ಜೇಬಿನ ತುಂಬ ಹುರಿದ ಕಡಲೆಕಾಯಿ. ಕೀಲಿಮಣೆಯ ಪಕ್ಕ ಸಿಪ್ಪೆಯ ಗುಡ್ಡೆ. ಇನ್ನೊಬ್ಬರಾಗಿದ್ದರೆ ಪೊರಕೆ ತೋರಿಸುತ್ತಿದ್ದೆ. ಅವತ್ತು — ಸುಮ್ಮನೆ ಕೂತಿದ್ದೆ. ಯಾರಾದರೂ ನನಗೆ ಅಷ್ಟು ನಿಧಾನವಾಗಿ, ನನ್ನಿಂದ ಆಗುತ್ತದೆ ಅನ್ನುವ ನಂಬಿಕೆಯಿಂದ ಏನನ್ನಾದರೂ ಕಲಿಸಿ ಎಷ್ಟು ವರ್ಷವಾಗಿತ್ತೋ. ಸಂಜೆ ನೀವು ಹೋದ ಮೇಲೆ ಸಿಪ್ಪೆ ಗುಡಿಸಿದೆ. ಗುಡಿಸುವಾಗ ಎದೆಯಲ್ಲಿ ಏನೋ ಖಾಲಿ ಖಾಲಿ. ಇದೇನೇ ಗಿರಿಜಾ, ನಿನ್ನ ವಯಸ್ಸೇನು, ನಿನ್ನ ವೇಷವೇನು ಅಂತ ನನಗೆ ನಾನೇ ಬೈದುಕೊಂಡೆ.

ಮುಂದಿನ ತಿಂಗಳು ಮತ್ತೆ ಐನೂರು ಬಂತು. ಈ ಸಲ ನಿಮಗೆ ಫೋನ್ ಮಾಡುವ ಮೊದಲೇ ನಾನೇ ಲಾಗ್ ತೆರೆದೆ. ನೀವು ಕಲಿಸಿದ ಹಾಗೆ ಕೆಳಗಿನಿಂದ ಮೇಲಕ್ಕೆ ಓದಿದೆ. ಶಿರಾದಿಂದ 'ಉಳಿಸು' — ಹನ್ನೆರಡು ಗಂಟೆ, ಸೊನ್ನೆ ನಿಮಿಷ, ನಾಲ್ಕು ಸೆಕೆಂಡು. ಕೊರಟಗೆರೆಯಿಂದ 'ಉಳಿಸು' — ಹನ್ನೆರಡು ಗಂಟೆ, ಸೊನ್ನೆ ನಿಮಿಷ, ನಾಲ್ಕು ಸೆಕೆಂಡು. ಇಬ್ಬರೂ ಕೇಳಿದ್ದು ಒಂದೇ ಸಂಖ್ಯೆ.

ತಲೆ ಎತ್ತಿ ಪರದೆಯ ಮೇಲಿನ ಪಟ್ಟಿ ನೋಡಿದೆ. ಹಸಿರಾಗಿತ್ತು.

ಒಂದು ಬಾವಿಗೆ ಒಂದೇ ರಾಟೆ, ಇಬ್ಬರು ಒಟ್ಟಿಗೆ ಹಗ್ಗ ಎಳೆದರೆ ಕೊಡ ಬಾವಿಗೆ ಬೀಳುತ್ತದೆ. ಇಬ್ಬರು ಒಂದೇ ಸೆಕೆಂಡಿನಲ್ಲಿ ಒತ್ತಿದಾಗ ನಿಮ್ಮ ಚಿಕ್ಕ ಕಡತದ ಕಥೆಯೂ ಅದೇ ಆಗುತ್ತಿತ್ತು, ಇಬ್ಬರ ಎಳೆದಾಟದಲ್ಲಿ ಒಳಗಿನ ಸಂಖ್ಯೆ ಅಳಿಸಿಹೋಗುತ್ತಿತ್ತು. ಒಬ್ಬರೇ ಒತ್ತುವವರು ಇದ್ದ ಕಾಲದಲ್ಲಿ ಬರೆದ ಪ್ರೋಗ್ರಾಂ ಅದು. ಜಗತ್ತಿನ ಬೇರೆ ಎಲ್ಲಾದರೂ ಇದ್ದಿದ್ದರೆ ಹಾಗೇ ನಡೆದುಕೊಂಡು ಹೋಗುತ್ತಿತ್ತೇನೋ, ನಾಲ್ಕು ಊರಿನವರು ಒಂದೇ ಸೆಕೆಂಡಿಗೆ ಯಾಕೆ ಒತ್ತುತ್ತಾರೆ? ನಮ್ಮಲ್ಲಿ ಒತ್ತುತ್ತಿದ್ದರು. ಪಟ್ಟಿ ಹಸಿರಾಗುವುದನ್ನೇ ಬೆಕ್ಕಿನ ಹಾಗೆ ಕಾಯುತ್ತಾ, ಹಿಂದೆ ತಾಯಂದಿರು ಉಸಿರು ಬಿಗಿಹಿಡಿದು ನಿಂತಿರುವಾಗ, ನಾಲ್ಕೂ ಊರಿನ ಬೆರಳುಗಳು ಒಟ್ಟಿಗೆ ಇಳಿಯುತ್ತಿದ್ದವು. ಖಾತ್ರಿ ಮಾಡಿಕೊಳ್ಳೋಣ ಅಂತ ಶಿರಾ ಕೇಂದ್ರದ ಮುಬೀನಾಳಿಗೆ ಫೋನ್ ಮಾಡಿ, ನೀನು ಯಾವಾಗ ಒತ್ತಿದೆ ಅಂತ ಕೇಳಿದೆ.

"ಅರೆ ಅಕ್ಕಾ, ಹಸಿರಾದ್ ತಕ್ಷಣ. ನಮ್ಗೆ ರಾಹುಕಾಲ ಗೀಹುಕಾಲ ಏನಿಲ್ಲ, ಕೂತಿರೋ ಅಮ್ಮಂದ್ರು ಬುಡ್ಬೇಕಲ್ಲ!" ಅಂದು ನಕ್ಕಳು.

ಅಷ್ಟೇ. ಗೊತ್ತಾಗಿಬಿಟ್ಟಿತು. ಎಂಥ ಖುಷಿಯಾಯಿತು ಅಂದರೆ, ಕುರ್ಚಿಯಿಂದ ಎದ್ದು ನಿಂತೆ. ನಿಮಗೆ ಹೇಳಬೇಕು, ನೀವು ಕಲಿಸಿದ್ದರಿಂದಲೇ ಕಂಡುಹಿಡಿದೆ ಅಂತ ಹೇಳಬೇಕು, ನೀವು ನಗಬೇಕು ಅಂತ ಫೋನ್ ಕೈಗೆತ್ತಿಕೊಂಡೆ. ಅತ್ತಲಿಂದ ನಿಮ್ಮ ದನಿ ಬಂತು. "ಮತ್ತೆ ಐನೂರಾ? ಲಾಗ್‌ನಾಗೆ ಏನೈತೆ ನೋಡಿ ಹೇಳಿ." ಬಾಯಿ ತೆರೆದೆ. ಆಗ ಹೊಳೆಯಿತು — ಹೇಳಿದರೆ ನೀವು ಇದೊಂದು ಸಲ ಬರುತ್ತೀರಿ. ಹತ್ತು ಸಾಲು ತಿದ್ದುತ್ತೀರಿ. ಆಮೇಲೆ ಬರುವುದಿಲ್ಲ.

"ಏನೂ ಇಲ್ಲ" ಅಂದೆ.

"ಏನೂ ಇಲ್ವಾ? ಸರ್ಲೇ, ಎರಡು ಗಂಟೆ ಬಸ್ಸಿಗೆ ಬರ್ತೀನಿ."

ನೀವು ಬರುವುದರೊಳಗೆ ಅವತ್ತಿನ ಲಾಗನ್ನು ಸರ್ವರಿನಿಂದ ತೆಗೆದು ನನ್ನ ಕಂಪ್ಯೂಟರಿಗೆ ಹಾಕಿಕೊಂಡೆ. 'ಹಳೇ ಜಾತಕ' ಅಂತ ಹೆಸರಿಟ್ಟ ಕೋಶದೊಳಗೆ. ಓದಿಕೊಳ್ಳಲಿ ಅಂತ ಲಾಗ್ ತೆರೆಯುವ ಪಾಸ್‌ವರ್ಡನ್ನು ಕೇಂದ್ರದವರಲ್ಲಿ ನನ್ನೊಬ್ಬಳಿಗೆ ಕೊಟ್ಟಿದ್ದವರು ನೀವೇ. ನಂಬಿ ಕೊಟ್ಟದ್ದು.

ಅಲ್ಲಿಂದ ಒಂದು ವರ್ಷಕ್ಕೂ ಮೇಲೆ. ಐನೂರು ಬರುವುದು, ನೀವು ಕೇಳುವುದು, ನಾನು ಏನೂ ಇಲ್ಲ ಅನ್ನುವುದು, ನೀವು ಬರುವುದು. ಪಾವಗಡದ ಬಸ್ಸು ನಿಲ್ದಾಣ ಸೇರುವ ಹೊತ್ತಿಗೆ ನನ್ನ ಕಿವಿ ಮೆಟ್ಟಿಲ ಕಡೆಗೇ ಇರುತ್ತಿತ್ತು. ನಿಮ್ಮ ಎಡಗಾಲಿನ ಚಪ್ಪಲಿ ಸ್ವಲ್ಪ ಎಳೆದು ಬರುವ ಸದ್ದು ನನಗೆ ಮೂರನೆಯ ಮೆಟ್ಟಿಲಿನಿಂದಲೇ ಗೊತ್ತಾಗುತ್ತಿತ್ತು. ಶುಕ್ರವಾರಗಳಂದು ಒಳ್ಳೆಯ ಸೀರೆ ಉಡಲು ಶುರುಮಾಡಿದೆ. "ಏನಮ್ಮಾ, ಲಕ್ಷ್ಮಿ ಪೂಜೇನಾ?" ಅಂತ ಮೇಷ್ಟ್ರು ರೇಗಿಸಿದರೆ ಹೂಂ ಅನ್ನುತ್ತಿದ್ದೆ. ಕೆಲಸ ಮುಗಿಸಿ ನೀವು ಕಿಟಕಿಯ ಬಳಿ ನಿಂತು ಚಹಾ ಕುಡಿಯುತ್ತಿದ್ದಿರಿ, ಎದುರಿಗೆ ಬೆಟ್ಟ. ಬಿಸಿಲಿಗೆ ಕಾದ ಆ ಬಂಡೆಯ ಝಳ ಸಂಜೆಯಾದರೂ ಕಿಟಕಿಯೊಳಗೆ ಬರುತ್ತಿತ್ತು. ನಿಮ್ಮೂರಿನ ಹೊಲಗಳೆಲ್ಲ ಸೋಲಾರಿಗೆ ಹೋಗಿ, ನಿಮ್ಮಪ್ಪ ಕುರಿ ಮೇಯಿಸುತ್ತಿದ್ದ ದಿನ್ನೆಯ ಮೇಲೆ ಈಗ ಬರೀ ಗಾಜಿನ ಹಲಗೆಗಳು ಅಂತ ಹೇಳಿದ್ದು ಆ ಕಿಟಕಿಯ ಬಳಿಯೇ. ನಾನು ಹೆಚ್ಚು ಮಾತಾಡುತ್ತಿರಲಿಲ್ಲ. ನೀವು ಮಾತಾಡುವುದನ್ನು ಕೇಳುತ್ತಾ ನಿಂತರೆ ನನಗೆ ಆ ತಿಂಗಳು ಸಾಕಾಗುತ್ತಿತ್ತು. ಮೂರು ವಾರ, ನಾಲ್ಕು ವಾರ. ಆಮೇಲೆ ಸಾಕಾಗುತ್ತಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಸುಮ್ಮನಿದ್ದ ಪಾಪ ಅಷ್ಟೇ ನನ್ನದು ಅನ್ನಬಹುದಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ಆಷಾಢ. ಆಷಾಢದಲ್ಲಿ ಸಂಬಂಧ ನೋಡಲು ಯಾರೂ ಬರುವುದಿಲ್ಲ, ಬೆಂಚು ಖಾಲಿ, ಐನೂರಿನ ಸುಳಿವಿಲ್ಲ. ನೀವು ಹಿಂದಿನ ಸಲ ಬಂದು ಹೋಗಿ ಆರು ಶುಕ್ರವಾರ ಕಳೆದಿದ್ದವು. ಏಳನೆಯ ಶುಕ್ರವಾರ ನಮ್ಮಲ್ಲಿ ಒಬ್ಬ ತಾಯಿ ಬಂದಿದ್ದಳು. ನಾನು ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಮುಬೀನಾಳಿಗೆ ಫೋನ್ ಮಾಡಿ, ನಿನ್ನಲ್ಲಿ ಯಾರಾದರೂ ಕಾಯುತ್ತಿದ್ದಾರಾ ಅಂತ ಕೇಳಿದೆ. ಒಬ್ಬರು ಇದ್ದಾರೆ ಅಂದಳು. ಹಸಿರಾದ ತಕ್ಷಣ ಒತ್ತಿಬಿಡು, ಪಾಪ ಕಾಯಿಸಬೇಡ ಅಂದೆ. ಫೋನ್ ಇಟ್ಟು, ಬೆರಳನ್ನು ಗುಂಡಿಯ ಮೇಲಿಟ್ಟು, ಕೆಂಪು ಪಟ್ಟಿಯನ್ನೇ ನೋಡುತ್ತಾ ಕೂತೆ.

ಹಸಿರಾಯಿತು. ಒತ್ತಿದೆ. ಬಿಳಿ ಪುಟ ಬಂತು.

ಎರಡು ಸಲ ಹಾಗೆ ಮಾಡಿದ್ದೇನೆ. ಬೇಕೆಂದೇ. ಎರಡನೆಯ ಸಲ ಬಿಳಿ ಪುಟ ಕಂಡಾಗ ನಾನು ನಕ್ಕಿದ್ದೆ — ಅದನ್ನೂ ಬರೆಯದಿದ್ದರೆ ಈ ಕಾಗದ ಸುಳ್ಳಾಗುತ್ತದೆ.

ನಿಮಗೆ ಏನಾಗುತ್ತಿದೆ ಅನ್ನುವುದು ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ ಅನ್ನಲಾರೆ. ಕಾಣುತ್ತಿತ್ತು. ಮೊದಮೊದಲು ನೀವು ಸಿಳ್ಳೆ ಹಾಕುತ್ತಾ ಕಪಾಟು ತೆರೆಯುತ್ತಿದ್ದಿರಿ. ಆಮೇಲೆ ಸಿಳ್ಳೆ ನಿಂತಿತು. ಲಾಗ್ ಖಾಲಿ ಇರುವುದನ್ನು ಕಂಡು, ಲಾಗ್ ಬರೆಯುವ ಭಾಗವೇ ಕೆಟ್ಟಿದೆ ಅಂದುಕೊಂಡು, ಚೆನ್ನಾಗಿಯೇ ಇದ್ದ ಅದನ್ನು ಮೂರು ಸಲ ಬಿಚ್ಚಿ ಮತ್ತೆ ಬರೆದಿರಿ. ಪರೀಕ್ಷೆ ಮಾಡಲು ನಿಮ್ಮದೇ ಹೆಸರಿನ ದಾಖಲೆ ತೆರೆಯುತ್ತಿದ್ದಿರಿ. ಪ್ರೋಗ್ರಾಂ ಕಟ್ಟುವಾಗ ಮೊದಲು ತುಂಬಿಸಿದ್ದ, ಕ್ರಮಸಂಖ್ಯೆ ಒಂದು — ಓಬಳೇಶ್, ಕ್ಯಾತಗಾನಚೆರ್ಲು. ಅದನ್ನು ನೂರು ಸಲ ಉಳಿಸಿ ನೋಡುತ್ತಿದ್ದಿರಿ. ನೂರು ಸಲವೂ ಸರಿಯಾಗಿ ಉಳಿಯುತ್ತಿತ್ತು. ಉಳಿಯದೆ ಏನು, ಆ ಹೊತ್ತಿಗೆ ಒತ್ತುವವರು ನೀವೊಬ್ಬರೇ.

ಕೊನೆಯ ಸಲದ್ದು ಶ್ರಾವಣದ ಶುಕ್ರವಾರ. ಬೆಂಚು ತುಂಬಿ ಮೆಟ್ಟಿಲವರೆಗೂ ಜನ. ಐನೂರು ಬಂತು. ಅದನ್ನು ನಾನು ಮಾಡಿಸಿದ್ದಲ್ಲ, ಮಾಡಿಸುವ ಅಗತ್ಯವೇ ಇರಲಿಲ್ಲ. ಅಷ್ಟು ಜನರೆದುರು ಮೇಷ್ಟ್ರ ಮುಖ ಕೆಂಪಾಯಿತು. ನೀವು ಬಂದಿರಿ. ಈ ಸಲ ಸಂಖ್ಯೆ ಬರೆದು ಹೊರಡಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಕೋಣೆ ಹಿಡಿದಿರಿ. ಪ್ರೋಗ್ರಾಂನ ಒಂದೊಂದು ಸಾಲನ್ನೂ ಕಾಗದಕ್ಕೆ ಅಚ್ಚು ಹಾಕಿಸಿ, ಆಫೀಸಿನ ನೆಲದ ತುಂಬ ಹರಡಿ, ಚಪ್ಪಲಿ ಬಿಟ್ಟು ಅವುಗಳ ನಡುವೆ ಓಡಾಡುತ್ತಾ, ಕೆಂಪು ಪೆನ್ನು ಹಿಡಿದು ಓದಿದಿರಿ. ಶನಿವಾರವಿಡೀ. ಭಾನುವಾರವಿಡೀ. ಜೇಬಿನಲ್ಲಿ ಕಡಲೆಕಾಯಿ ಇರಲಿಲ್ಲ. ನಾನು ಭಾನುವಾರವೂ ಏನೋ ನೆಪ ಹೇಳಿ ಬಂದು, ಮುದ್ದೆ ಸಾರಿನ ಡಬ್ಬಿ ಇಟ್ಟು ಕೂತಿದ್ದೆ. ನೀವು ಮುಟ್ಟಲಿಲ್ಲ. ಹಸಿರು-ಕೆಂಪು ಪಟ್ಟಿಯ ಹಾಳೆ ನನ್ನ ಕಾಲ ಬಳಿಯೇ ಬಿದ್ದಿತ್ತು. ಅದನ್ನು ನೀವು ಎರಡು ಸಲ ದಾಟಿಕೊಂಡು ಹೋದಿರಿ. ಬಣ್ಣ ಬದಲಾಯಿಸುವ ಹಾಳೆ, ಅದರಲ್ಲಿ ನೋಡುವುದೇನಿದೆ?

ಸಂಜೆ ನೆಲದ ಮೇಲೆಯೇ ಕೂತು, ನನ್ನ ಕಡೆ ತಿರುಗಿ ಕೇಳಿದಿರಿ. "ಗಿರಿಜಮ್ಮೋರೆ, ನಿಜ ಹೇಳಿ. ಲಾಗ್‌ನಾಗೆ ಯಾವತ್ತಾದ್ರೂ, ಒಂದೇ ಒಂದ್ ಸಾಲಾದ್ರೂ, ಏನಾನ ಕಂಡಿತ್ತಾ?"

ನಾನು ಹೇಳಬಹುದಾಗಿದ್ದ ಕೊನೆಯ ಹೊತ್ತು ಅದು. ನನಗೂ ಗೊತ್ತಿತ್ತು. ಒಂದು ಸಲ ಹೇಳಿದರೆ ಹದಿನಾಲ್ಕೂ ಸಲ ಹೇಳಬೇಕಾಗುತ್ತದೆ. ಯಾಕೆ ಅಂತ ಕೇಳುತ್ತೀರಿ. ಯಾಕೆ ಅಂದರೆ — ನೀವು ಬರಲಿ ಅಂತ. ಮೂವತ್ತೆಂಟರ ಹೆಂಗಸು ಆ ಮಾತನ್ನು ಯಾವ ಮುಖ ಇಟ್ಟುಕೊಂಡು ಆಡುವುದು? ನಿಮ್ಮ ಕಣ್ಣಿನಲ್ಲಿ ನಾನು ಚಿಕ್ಕವಳಾಗುವುದನ್ನು ನೋಡುವುದಕ್ಕಿಂತ, ನೀವೇ ನಿಮ್ಮ ಕಣ್ಣಿನಲ್ಲಿ ಚಿಕ್ಕವರಾಗುವುದನ್ನು ನೋಡುತ್ತಾ ಕೂತೆ.

"ಏನೂ ಇಲ್ಲ" ಅಂದೆ.

"ಸರ್ಲೇ" ಅಂದಿರಿ. ಒಂದೊಂದೇ ಹಾಳೆ ಎತ್ತಿ, ಪುಟಸಂಖ್ಯೆ ಪ್ರಕಾರ ಜೋಡಿಸಿದಿರಿ. ಜೋಡಿಸುತ್ತಾ, ನನಗಲ್ಲ, ನಿಮಗೇ ಹೇಳಿಕೊಂಡಿರಿ. "ನಾನ್ ಬರ್ದಿದ್ದು ನಂಗೇ ಅರ್ಥ ಆಗ್ತಿಲ್ಲ ಅಂದ್ಮೇಲೆ ಇನ್ನೇನೈತೆ."

ಸೋಮವಾರ ಮೇಷ್ಟ್ರು ನಿಮ್ಮನ್ನು ಎದುರಿಗೆ ಕೂರಿಸಿಕೊಂಡರು. ಅವರದೂ ತಪ್ಪಲ್ಲ, ಅವರಿಗೆ ಏನು ಗೊತ್ತು. "ಆಗಲ್ಲ ಅಂದ್ರೆ ಆಗಲ್ಲ ಅನ್ನಪ್ಪಾ. ತಾನ್ ಕಟ್ಟಿದ್ ಮನೇಲಿ ತಾನೇ ಬಾಗ್ಲು ಹುಡುಕ್ತಾ ಕೂತ್ರೆ ಹೆಂಗೆ?" ಅಂದರು. ನೀವು ಎದ್ದಿರಿ. ಕಪಾಟಿನ ಕೀಲಿ ಮೇಜಿನ ಮೇಲಿಟ್ಟಿರಿ. ನನ್ನ ಕಡೆ ನೋಡಿ ತಲೆ ಆಡಿಸಿ, ಮೆಟ್ಟಿಲಿಳಿದು ಹೋದಿರಿ. ಚಪ್ಪಲಿಯ ಸದ್ದು ಕೆಳಗಿನ ಮೆಟ್ಟಿಲವರೆಗೂ ಕೇಳಿಸಿತು.

ಇನ್ನು ನಾನು ಮಾಡಿದ ಕೊನೆಯ ಕೆಲಸ. ನನಗೆ ಇದೇ ಎಲ್ಲಕ್ಕಿಂತ ನೀಚ ಅನ್ನಿಸುತ್ತದೆ. ಮೇಷ್ಟ್ರು ಬೇರೆಯವರನ್ನು ಕರೆಸುತ್ತೇನೆ ಅನ್ನುತ್ತಿದ್ದರು. ಹೊಸಬ ಬಂದರೆ ಲಾಗ್ ಕೇಳುತ್ತಾನೆ, ಸಿಕ್ಕಿಬೀಳುತ್ತೇನೆ. ಆ ವಾರವೇ ಮೂರೂ ಕೇಂದ್ರಗಳಿಗೆ ಫೋನ್ ಮಾಡಿದೆ. ಹಸಿರಾದ ಮೇಲೆ ಶಿರಾದವರು ಎರಡು ನಿಮಿಷ ಬಿಟ್ಟು ಒತ್ತಿ, ಕೊರಟಗೆರೆಯವರು ನಾಲ್ಕು ನಿಮಿಷ, ಪಾವಗಡದವರು ಆರು ನಿಮಿಷ, ಮೇಷ್ಟ್ರು ಹೇಳಿದ್ದಾರೆ ಅಂದೆ. ಅಷ್ಟೇ ಮಾಡಿದ್ದು. ಅವತ್ತಿನಿಂದ ಇವತ್ತಿನವರೆಗೆ, ಐದು ವರ್ಷ, ಒಂದೇ ಒಂದು ಐನೂರು ಬಂದಿಲ್ಲ.

ಅದರ ಅರ್ಥ ಏನಾಯಿತು ಗೊತ್ತಲ್ಲ. ನೀವು ಹೋದಿರಿ, ಪ್ರೋಗ್ರಾಂ ನೆಟ್ಟಗಾಯಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದ ಹಾಗೆ, ಆದರೆ ಇಲ್ಲಿ ಟೊಂಗೆಯನ್ನು ಮೊದಲೇ ಕುಯ್ದಿಟ್ಟವಳು ನಾನು. "ಅವ್ನು ಮುಟ್ಟೋದ್ ಬುಟ್ಟ, ಯಂತ್ರ ಸರಿಹೋಯ್ತು ನೋಡಮ್ಮಾ" ಅಂತ ಮೇಷ್ಟ್ರು ಬಂದವರಿಗೆಲ್ಲ ಹೇಳಿದರು. ಪಾವಗಡ ಕೇಂದ್ರದವರು ನಿಮ್ಮ ಬೀದಿಯವರೇ, ಮಾತು ನಿಮ್ಮ ಅಂಗಡಿಯವರೆಗೂ ಬಂದೇ ಇರುತ್ತದೆ. ಮೇಷ್ಟ್ರು ಹೇಳುವಾಗ ನಾನು ಪಕ್ಕದಲ್ಲೇ ಕೂತು ಜಾತಕ ತುಂಬಿಸುತ್ತಿದ್ದೆ. ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ನೀವು ಹೋದ ಮೇಲೆ ಶುಕ್ರವಾರಗಳು ಹೇಗಿದ್ದವು ಅಂತ ಬರೆದು ನಿಮ್ಮ ಕನಿಕರ ಕೇಳುವುದಿಲ್ಲ. ಆದರೆ ಇಷ್ಟು ಹೇಳದೆ ಇರಲಾರೆ: ಪಾವಗಡದ ಬಸ್ಸಿನ ಹೊತ್ತಿಗೆ ಇವತ್ತಿಗೂ ನನ್ನ ಕಿವಿ ಮೆಟ್ಟಿಲ ಕಡೆ ಹೋಗುತ್ತದೆ. ಪರದೆಯ ಮೇಲೆ ಐನೂರು ಬರಲಿ, ಒಂದೇ ಒಂದು ಸಲ ತಾನಾಗಿ ಬರಲಿ ಅಂತ ಕಾದಿದ್ದೇನೆ. ಯಂತ್ರ ಕೆಡಲಿ ಅಂತ ಯಾರಾದರೂ ದೇವರನ್ನು ಬೇಡುತ್ತಾರಾ? ನಾನು ಬೇಡಿದ್ದೇನೆ.

ನೀವು ಹೋದ ಮುಂದಿನ ಬೇಸಿಗೆಯಲ್ಲಿ ಒಂದು ದಿನ ಯಾರದೋ ವಿವರ ಹುಡುಕುತ್ತಾ ಕ್ರಮಸಂಖ್ಯೆ ಒಂದನ್ನು ತೆರೆದೆ. ಹುಡುಕುತ್ತಾ ಅನ್ನುವುದೂ ಸುಳ್ಳು. ನಿಮ್ಮ ಹೆಸರು ನೋಡಬೇಕು ಅನ್ನಿಸಿ ತೆರೆದೆ. 'ನಿರೀಕ್ಷೆ' ಅನ್ನುವ ಜಾಗದಲ್ಲಿ ಎಷ್ಟೋ ವರ್ಷದಿಂದ 'ಪರೀಕ್ಷೆ' ಅಂತ ಬರೆದಿರುತ್ತಿತ್ತು. ಅದು ಬದಲಾಗಿತ್ತು. ನೀವು ಕೊನೆಯ ಸಲ ಬಂದಿದ್ದಾಗಿನ ಆ ಶನಿವಾರದ ತಾರೀಕು. 'ಮಧುಗಿರಿ ಕಡೆಯವರಾದರೆ ಸಂತೋಷ' ಅಂತ ಇತ್ತು. ಉಳಿಯುತ್ತದೋ ಇಲ್ಲವೋ ಅಂತ ನೋಡಲು ಕೈಗೆ ಬಂದದ್ದು ಬರೆದಿರೋ, ಇಲ್ಲಾ — ನನಗೆ ಗೊತ್ತಿಲ್ಲ. ಕೇಳುವ ಹಕ್ಕೂ ನನಗಿಲ್ಲ. ಆ ಪುಟ ಮುಚ್ಚಿ, ಬಚ್ಚಲುಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ.

ಇಷ್ಟೆಲ್ಲ ಆಗಿಯೂ ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮುಬೀನಾ. ಹೋದ ತಿಂಗಳು ನೆಂಟರ ಮದುವೆಗೆ ಪಾವಗಡದ ಕಡೆ ಬಂದಿದ್ದಳಂತೆ. ಸೋಲಾರ್ ಪಾರ್ಕಿನ ಗೇಟಿನ ಬಳಿ ನಿಮ್ಮನ್ನು ನೋಡಿದಳಂತೆ, ಹೆಗಲ ಮೇಲೆ ನೀರಿನ ಪೈಪು, ಹಲಗೆ ತೊಳೆಯುವ ಕೆಲಸದ ಸಮವಸ್ತ್ರ. ಅವಳು ಅದನ್ನು ಮಾಮೂಲಿ ಸುದ್ದಿಯ ಹಾಗೆ ಹೇಳಿದಳು. "ಕಂಪ್ಯೂಟರ್ ಅಂಗ್ಡಿ ಏನಾಯ್ತಣ್ಣಾ ಅಂದೆ ಅಕ್ಕಾ. ಮುಚ್ಬುಟ್ಟೆ ಕಣಮ್ಮ, ನನ್ ಕೈಗೆ ಆ ಕೆಲ್ಸ ಒಗ್ಗಲ್ಲ ಅಂತ ಗೊತ್ತಾಯ್ತು ಅಂದ್ರು. ಯಾರಾನ ಲ್ಯಾಪ್‌ಟಾಪ್ ತಂದ್ರೂ ಮುಟ್ಟಲ್ವಂತೆ. ಪಾಪ, ಒಳ್ಳೇವ್ರು."

ದುಡಿಯುವ ಕೆಲಸ ಯಾವುದಾದರೇನು, ಹಲಗೆ ತೊಳೆಯುವುದೂ ಮರ್ಯಾದೆಯ ಕೆಲಸವೇ. ಅದಲ್ಲ ನನ್ನನ್ನು ಇರಿದದ್ದು. 'ನನ್ನ ಕೈಗೆ ಒಗ್ಗಲ್ಲ' ಅಂದಿರಲ್ಲ, ಅದು. ಒಗ್ಗದ ಕೈಯಾಗಿದ್ದರೆ ಒಬ್ಬರೇ ಕೂತು ಅಷ್ಟು ವರ್ಷ ನಡೆಯುವಂಥದ್ದನ್ನು ಕಟ್ಟುತ್ತಿರಲಿಲ್ಲ. ಅದು ಈಗಲೂ ನಡೆಯುತ್ತಿದೆ, ಓಬಳೇಶ್. ಇವತ್ತು ಬೆಳಿಗ್ಗೆಯೂ ಅದರಲ್ಲೇ ಇಬ್ಬರ ವಿವರ ತುಂಬಿಸಿದ್ದೇನೆ. ನಿಮ್ಮ ಪ್ರೋಗ್ರಾಂನಲ್ಲಿ ಇದ್ದದ್ದು ಹತ್ತು ಸಾಲಿನ ಕೊರತೆ, ಒಂದು ಮಧ್ಯಾಹ್ನದ ಕೆಲಸ. ಲಾಗ್ ಕೈಗೆ ಸಿಕ್ಕಿದ್ದರೆ ಚಹಾ ಆರುವುದರೊಳಗೆ ಕಂಡುಹಿಡಿಯುತ್ತಿದ್ದಿರಿ. ನಿಮ್ಮ ಕೈ ಸೋಲಲಿಲ್ಲ. ನಿಮ್ಮ ಕೈಗೆ ಸಿಗಬೇಕಾದದ್ದನ್ನು ನಾನು ಕದ್ದಿಟ್ಟಿದ್ದೆ.

ಪ್ರೀತಿಯಿಂದ ಮಾಡಿದೆ ಅಂತ ಹೇಳಿಕೊಳ್ಳಲು ನಾಲಿಗೆ ತುದಿಯವರೆಗೆ 'ಪ್ರೀತಿ' ಬರುತ್ತದೆ. ನುಂಗಿಕೊಳ್ಳುತ್ತೇನೆ. ನಿಮ್ಮನ್ನು ನೋಡುವ ಆಸೆಗೆ ನಿಮ್ಮ ವಿದ್ಯೆಯನ್ನೇ ತಿಂದೆ. ಅದಕ್ಕೆ ಪ್ರೀತಿ ಅಂತ ಹೆಸರಿಟ್ಟರೆ ಪ್ರೀತಿಗೆ ಅವಮಾನ.

ಮೇಷ್ಟ್ರೇ, ನೀವು ಓದುತ್ತಿರುವ ಪ್ರತಿಯ ಕೆಳಗೆ ಲಾಗ್ ತೆರೆಯುವ ನನ್ನ ಪಾಸ್‌ವರ್ಡ್ ಬರೆದಿದ್ದೇನೆ. ನನ್ನನ್ನು ಇಟ್ಟುಕೊಳ್ಳುವುದೂ ಬಿಡುವುದೂ ನಿಮ್ಮಿಷ್ಟ. ಒಂದು ಮಾತ್ರ ನಡೆಸಿಕೊಡಿ. ಐದು ವರ್ಷ ಬಂದವರಿಗೆಲ್ಲ ಒಂದು ಮಾತು ಹೇಳಿದಿರಲ್ಲ, ಅಷ್ಟೇ ಗಟ್ಟಿಯಾಗಿ, ನಾಲ್ಕೂ ಕೇಂದ್ರದಲ್ಲಿ, ಅದು ಸುಳ್ಳಂತೆ ಅಂತ ಹೇಳಿ. ತಪ್ಪು ಗಿರಿಜಮ್ಮನದಂತೆ ಅಂತ ನನ್ನ ಹೆಸರು ಹಿಡಿದೇ ಹೇಳಿ.

ಹದಿನಾಲ್ಕು ಲಾಗ್‌ಗಳನ್ನೂ ಅಚ್ಚು ಹಾಕಿಸಿ ಚೀಲದಲ್ಲಿಟ್ಟುಕೊಂಡಿದ್ದೇನೆ. ಅಂಚೆಗೆ ಹಾಕಬಹುದಿತ್ತು. ಹಾಕುವುದಿಲ್ಲ, ನಿಮ್ಮ ಮನೆ ಬಾಗಿಲಿಗೇ ಬರುತ್ತೇನೆ. ಈ ಕಾಗದವನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳಿ, ನೀವು ಓದಿ ಮುಗಿಸುವವರೆಗೆ ಹೊರಗೆ ನಿಂತಿರುತ್ತೇನೆ. ಬೈಯಬೇಕು ಅನ್ನಿಸಿದರೆ ಎದುರಿಗಿರಲಿ. ಬಾಗಿಲು ತೆರೆಯದಿದ್ದರೆ ಲಾಗ್‌ಗಳನ್ನು ಮೆಟ್ಟಿಲ ಮೇಲಿಟ್ಟು ಹಿಂತಿರುಗುತ್ತೇನೆ.

ಇವತ್ತು ಶುಕ್ರವಾರ. ಪಾವಗಡದ ಬಸ್ಸು ಹನ್ನೊಂದಕ್ಕೆ. ಬೆಂಚಿನ ಮೇಲೆ ನಾಲ್ಕು ಜನ ತಾಯಂದಿರು ಜಾತಕ ಹಿಡಿದು ಕಾಯುತ್ತಿದ್ದಾರೆ, ಪಟ್ಟಿ ಇನ್ನೂ ಕೆಂಪಾಗಿಯೇ ಇದೆ. "ಚೀಲ ಹಿಡ್ಕೊಂಡು ಈ ಹೊತ್ನಲ್ಲಿ ಎಲ್ಲಿಗವ್ವಾ? ಹನ್ನೆರಡಾಗ್ಲಿ ತಡಿ" ಅಂತ ಒಬ್ಬಾಕೆ ಆಗಲೇ ಅಂದಳು. ತಡೆದದ್ದು ಸಾಕು, ಹೋಗಿ ಬರುತ್ತೇನಮ್ಮ ಅಂದೆ.

ಓಬಳೇಶ್, ಬಾಗಿಲು ತೆರೆದರೆ ಮೊದಲು ನನಗೆ ಬೇರೇನೂ ಹೇಳಬೇಡಿ. ಲಾಗ್‌ನಲ್ಲಿ ಏನಿದೆ ಅಂತ ಕೇಳಿ. ಈ ಸಲ ಓದಿ ಹೇಳುತ್ತೇನೆ.